ಘಟ್ಟದ ತಿರುವು ಮತ್ತು ಬಿಟ್ಟಿ ಸಲಕರಣೆ

ರಸ್ತೆಗಳನ್ನು ವಿನ್ಯಾಸಗೊಳಿಸುವ ದೊಡ್ಡ ತಂತ್ರಾಂಶವೊಂದು ಘಟ್ಟದ ತಿರುವನ್ನು ಬರೆದು ಮುಗಿಸಿ, ನಕ್ಷೆಯನ್ನು ಕಾಮಗಾರಿಗೆ ಕಳುಹಿಸಲು ಸಿದ್ಧವಾಯಿತು. ಆಗ ಅದಕ್ಕೆ ಹೊಸದಾಗಿ ಜೋಡಿಸಿದ್ದ ಪುಟ್ಟ ಉಚಿತ ಸಲಕರಣೆಯೊಂದು, "ಸ್ವಾಮಿ, ಒಮ್ಮೆ ಬಸ್ಸು ಓಡಿಸಿ ನೋಡಲೇ?" ಎಂದು ಕೇಳಿತು.

"ಬಿಟ್ಟಿಯಾಗಿ ಬಂದವನು ನನ್ನ ಗೆರೆಯಲ್ಲಿ ತಪ್ಪು ಹುಡುಕುವೆಯಾ?"

"ಗೆರೆ ಸೊಗಸಾಗಿಯೇ ಇದೆ. ಆದರೆ ಬಸ್ಸು ಗೆರೆಯಷ್ಟು ತೆಳ್ಳಗಿಲ್ಲವಲ್ಲ!"

ಸಲಕರಣೆಯು ನಕ್ಷೆಯ ಮೇಲೆಯೇ ಉದ್ದನೆಯ ಬಸ್ಸೊಂದನ್ನು ಓಡಿಸಿತು. ತಿರುವಿನಲ್ಲಿ ಅದರ ಹಿಂದಿನ ಚಕ್ರ ರಸ್ತೆ ಬಿಟ್ಟು ಕಮರಿಯತ್ತ ಜಾರಿತು. ತಂತ್ರಾಂಶ ಬೆಚ್ಚಿ ತಿರುವನ್ನು ಅಗಲಗೊಳಿಸಿತು. ಈ ಬಾರಿ ಬಸ್ಸು ಸಲೀಸಾಗಿ ತಿರುಗಿ ಮೇಲೇರಿತು.

"ಎಷ್ಟೋ ಜನರ ಜೀವ ಉಳಿಸಿದೆಯಪ್ಪಾ! ನಿನಗೇನು ಕೊಡಲಿ?"

"ಮುಂದಿನ ತಿರುವು ಕೊಡಿ, ಸ್ವಾಮಿ. ಬಸ್ಸು ನಿಲ್ಲಿಸಲು ಮನಸ್ಸೇ ಬರುತ್ತಿಲ್ಲ!"