ಒಬ್ಬನೇ ಏರಿಸಿದ ಪಟ

"ಗುರುಗಳೇ, ಯಾರ ನೆರವೂ ಇಲ್ಲದೆ ಒಬ್ಬನೇ ಮಾಡಿದ ಸಾಧನೆಗೇ ಹೆಚ್ಚು ಬಲ, ಅಲ್ಲವೇ?" ಎಂದು ವಾಮನ ಕೇಳಿದ.

ಗುರುಗಳು ಮಠದ ಜಗುಲಿಯಲ್ಲಿ ಕೂತು ಪಂಚೆಯ ಹರಿದ ಅಂಚಿಗೆ ಹೊಲಿಗೆ ಹಾಕುತ್ತಿದ್ದರು. ಸೂಜಿಯಿಂದ ಕಣ್ಣು ತೆಗೆಯಲಿಲ್ಲ. "ಪ್ರಶ್ನೆ ಹಾಗಿರಲಿ. ಏನು ಮಾಡಬೇಕೆಂದು ಹೊರಟಿದ್ದೀಯ, ಅದನ್ನು ಹೇಳು," ಎಂದರು.

ವಾಮನ ಹೇಳಿದ. ಕಡಲಿಗೆ ಮುಖ ಮಾಡಿದ ಬೋಳು ಬಂಡೆಯ ನಡುವೆ ಒಂದು ಗುಹೆಯಿದೆ. ಹಗ್ಗ ಹಿಡಿದೇ ಹತ್ತಬೇಕು. ಬರುವ ಸೋಮವಾರ ಅವನು ಹತ್ತುತ್ತಾನೆ. ಹತ್ತಿದ ಮೇಲೆ ಹಗ್ಗವನ್ನು ಮೇಲಕ್ಕೆ ಎಳೆದುಕೊಳ್ಳುತ್ತಾನೆ, ಯಾರೂ ಬಂದು ಕಾಡಬಾರದು. ನಲವತ್ತು ದಿನ ಬರೀ ನೀರು ಕುಡಿದು, ಮಾತು ಬಿಟ್ಟು ಕೂರುತ್ತಾನೆ. ಊರಿನಲ್ಲಿ ನಾಲ್ಕು ಜನರ ಮುಂದೆ ಸಂಕಲ್ಪವನ್ನೂ ಹೇಳಿಯಾಗಿದೆ. ಇನ್ನು ಗುರುಗಳ ಅಪ್ಪಣೆಯೊಂದೇ ಬಾಕಿ.

"ಅಕ್ಕನಿಗೆ ಹೇಳಿದೆಯಾ?"

ವಾಮನನನ್ನು ಸಾಕಿ ಬೆಳೆಸಿದವಳು ಅವನ ಅಕ್ಕ. ಅವನು ಮಠ ಸೇರಿ ಆರು ವರ್ಷವಾಗಿತ್ತು. ಈಗಲೂ ಅವಳು ಪ್ರತಿ ಗುರುವಾರ ಹೊಳೆ ದಾಟಿ ಅವನಿಗೆ ಬುತ್ತಿ ತರುತ್ತಿದ್ದಳು.

"ಇಲ್ಲ. ಅವಳಿಗೆ ಇದರಲ್ಲಿ ಏನು ಕೆಲಸ? ಇದು ನನ್ನೊಬ್ಬನ ವಿಷಯ."

ಗುರುಗಳು ದಾರವನ್ನು ಹಲ್ಲಿನಿಂದ ಕಡಿದರು. "ಹಾಗಾದರೆ ಕೂತುಕೋ. ಒಬ್ಬ ಪಟದವನ ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ," ಎಂದು ಶುರು ಮಾಡಿದರು.

ಒಂದು ಕಡಲೂರಿನಲ್ಲಿ ಒಬ್ಬ ಪಟದವನಿದ್ದ. ಮಕ್ಕಳು ಹಾರಿಸುವ ಕಾಗದದ ಪಟವಲ್ಲ ಅವನದು. ಒಂದು ಮನೆಯ ಅಂಗಳದಷ್ಟು ಅಗಲದ, ಗಾಳಿ ತುಂಬಿದ ಬಟ್ಟೆಯ ಪಟ. ಅದರ ನಾಲ್ಕು ದಾರಗಳು ಒಂದು ಕೋಲಿಗೆ ಬಂದು ಸೇರುತ್ತವೆ. ಆ ಕೋಲು ಆಡುವವನ ಸೊಂಟದ ಪಟ್ಟಿಗೆ ಒಂದು ಕೊಂಡಿಯಿಂದ ಸಿಕ್ಕಿಕೊಂಡಿರುತ್ತದೆ. ಕಾಲಡಿಗೆ ಒಂದು ಹಲಗೆ. ಪಟ ಎಳೆಯುತ್ತದೆ, ಅವನು ನೀರಿನ ಮೇಲೆ ಜಾರುತ್ತಾನೆ. ದಡದಲ್ಲಿ ನಿಂತು ನೋಡುವವರಿಗೆ ಬಲು ಚಂದ. ದಡದಲ್ಲಿ ನಿಂತವರಿಗೆ ಏನು, ಎಲ್ಲವೂ ಚಂದವೇ.

ಈ ಆಟದಲ್ಲಿ ಒಂದು ವಿಚಿತ್ರವಿದೆ. ಕೋಲನ್ನು ಎದೆಯ ಕಡೆಗೆ ಎಳೆದುಕೊಂಡರೆ ಪಟದ ಬಲ ಹೆಚ್ಚುತ್ತದೆ. ಕೈಬಿಟ್ಟರೆ ಬಲ ಕುಗ್ಗುತ್ತದೆ. ಆದರೆ ಹೆದರಿದ ಮನುಷ್ಯ ಏನು ಮಾಡುತ್ತಾನೆ? ಸಿಕ್ಕಿದ್ದನ್ನು ಎದೆಗೆ ಅವಚಿಕೊಳ್ಳುತ್ತಾನೆ. ಅವನು ಹೆದರಿದಷ್ಟೂ ಪಟ ಅವನನ್ನು ಹೆಚ್ಚು ಎಳೆಯುತ್ತದೆ. ಅದಕ್ಕೇ ಕೊಂಡಿಯ ಮೇಲೆ ಒಂದು ಕೆಂಪು ಹಿಡಿಕೆ ಇಟ್ಟಿರುತ್ತಾರೆ. ಅದನ್ನು ಮುಂದಕ್ಕೆ ತಳ್ಳಿದರೆ ಕೊಂಡಿ ಕಳಚುತ್ತದೆ. ಪಟ ಒಂದೇ ದಾರದಲ್ಲಿ ಜೋತು, ಬಲ ಕಳೆದುಕೊಂಡು ನೆಲಕ್ಕೆ ಬೀಳುತ್ತದೆ.

ಸಾಮಾನ್ಯವಾಗಿ ಇಬ್ಬರು ಸೇರಿ ಆಡುತ್ತಾರೆ. ಒಬ್ಬ ಪಟವನ್ನು ಹಿಡಿದು ನಿಂತು ಗಾಳಿಗೆ ಬಿಟ್ಟುಕೊಡುತ್ತಾನೆ. ಆಟ ಮುಗಿದಾಗ ಅವನೇ ಬಂದು ಅದರ ಅಂಚನ್ನು ಹಿಡಿದು ನೆಲಕ್ಕೆ ಮಲಗಿಸುತ್ತಾನೆ.

ಪಟದವನಿಗೆ ಆಟ ಕಲಿಸಿದ ಮುದುಕ ಹೇಳಿದ್ದ: "ಒಬ್ಬನೇ ಏರಿಸುವ ಆಸೆಯಿದ್ದರೆ ಮೊದಲು ಒಬ್ಬನೇ ಇಳಿಸುವುದನ್ನು ಕಲಿ. ಪಟವನ್ನು ಪಕ್ಕಕ್ಕೆ, ಎಳೆತ ಕಡಿಮೆಯಿರುವ ಗಾಳಿಯ ಅಂಚಿಗೆ ತಂದು, ಯಾರೂ ಇಲ್ಲದ ಮರಳಿನ ಮೇಲೆ ತಗ್ಗಿಸಿ, ಕೆಂಪು ಹಿಡಿಕೆ ತಳ್ಳು. ದಿನಕ್ಕೊಮ್ಮೆ ತಳ್ಳು. ತಳ್ಳಿದ ಮೇಲೆ ಸಿಹಿನೀರಿನಲ್ಲಿ ತೊಳೆದಿಡು."

ಪಟದವನು ಹೂಂ ಎಂದ. ಆದರೆ ಒಂದು ದಿನವೂ ತಳ್ಳಲಿಲ್ಲ. ತಳ್ಳಿದರೆ ಪಟ ಮರಳಿಗೆ ಬೀಳುತ್ತದೆ. ದಾರಗಳು ಗೋಜಲಾಗುತ್ತವೆ. ಕೊಂಡಿಯನ್ನು ಮತ್ತೆ ಕೂಡಿಸಬೇಕು. ನೋಡುವವರು ಆಟ ಬಾರದವನು ಎಂದುಕೊಳ್ಳುತ್ತಾರೆ. ಇಳಿಸಿಕೊಡಲು ಜೊತೆಗಾರನಿದ್ದಾನೆ, ಮತ್ತೇಕೆ ಈ ರಗಳೆ? ಹೀಗೆ ಎರಡು ವರ್ಷ ಕಳೆಯಿತು.

ಒಂದು ದಿನ ಆ ಜೊತೆಗಾರನೊಡನೆ ಮಾತಿಗೆ ಮಾತು ಬೆಳೆಯಿತು. "ನಾನಿಲ್ಲದೆ ನಿನ್ನ ಪಟ ಏಳುವುದೂ ಇಲ್ಲ, ಇಳಿಯುವುದೂ ಇಲ್ಲ," ಎಂದು ಅವನು ಚಹದಂಗಡಿಯಲ್ಲಿ ಎಲ್ಲರೆದುರು ನಕ್ಕ. ಪಟದವನ ಮುಖ ಕೆಂಪಾಯಿತು. ನಾಳೆಯೇ ಒಬ್ಬನೇ ಹೋಗುತ್ತೇನೆ, ಯಾರ ಹಂಗೂ ಬೇಡ ಎಂದು ಅಲ್ಲಿಯೇ ಸಾರಿದ.

ಮರುದಿನ ಮಧ್ಯಾಹ್ನ ಊರಾಚೆಯ ದಡಕ್ಕೆ ಹೋದ. ಅಲ್ಲಿ ಒಂದು ಕಡೆ ಕಡಲು, ಒಂದು ಕಡೆ ಗಾಳಿಮರಗಳ ತೋಪು, ನಡುವೆ ಮರಳು. ಪಟವನ್ನು ಗಾಳಿಯ ಅಂಚಿನಲ್ಲಿ ಮಲಗಿಸಿದ. ಅದರ ಒಂದು ತುದಿಯನ್ನು ಮಡಚಿ, ಮಡಿಕೆಯ ಮೇಲೆ ನಾಲ್ಕು ಬೊಗಸೆ ಮರಳು ಸುರಿದ. ದಾರಗಳನ್ನು ಬಿಡಿಸಿ, ಒಂದೊಂದನ್ನೂ ಬೆರಳಾಡಿಸಿ ನೋಡಿದ. ಕೋಲಿನ ಹತ್ತಿರ ಬಂದು ಕೊಂಡಿ ಸಿಕ್ಕಿಸಿಕೊಂಡ. ಮೆಲ್ಲನೆ ಹಿಂದೆ ಹಿಂದೆ ಹೆಜ್ಜೆ ಇಟ್ಟ. ದಾರ ಬಿಗಿಯಿತು. ಬಟ್ಟೆ ಉಬ್ಬಿತು. ಮರಳು ತಾನಾಗಿ ಜಾರಿ ಉದುರಿತು. ಪಟ ಗಾಳಿಯ ಅಂಚನ್ನೇ ಹಿಡಿದುಕೊಂಡು ಏರಿ ತಲೆಯ ಮೇಲೆ ನಿಂತಿತು.

ಎಲ್ಲವನ್ನೂ ಸರಿಯಾಗಿಯೇ ಮಾಡಿದ. ಅದನ್ನು ಒಪ್ಪಬೇಕು. ಅವನಿಗೆ ಕೂಗಿ ಹೇಳಬೇಕೆನಿಸಿತು, ನೋಡಿರೋ ಎಂದು. ನೋಡಲು ಯಾರೂ ಇರಲಿಲ್ಲ.

ಒಂದು ಗಂಟೆ ನೀರಿನ ಮೇಲೆ ಆಡಿದ. ಅಷ್ಟರಲ್ಲಿ ಗಾಳಿ ಬಲಿಯಿತು. ಸಾಕೆನಿಸಿ ದಡಕ್ಕೆ ಬಂದ, ಹಲಗೆಯನ್ನು ಕಾಲಿನಿಂದ ಕಳಚಿ ಮರಳಿನ ಮೇಲೆ ನಿಂತ. ಎದುರಿಗೆ ಅವನ ಚಪ್ಪಲಿ, ನೀರಿನ ಬಾಟಲಿ, ಮಡಚಿಟ್ಟ ಅಂಗಿ. ಹತ್ತು ಹೆಜ್ಜೆ ದೂರ. ಆಗ ತಲೆಯೆತ್ತಿ ನೋಡಿದ. ಪಟ ಇನ್ನೂ ಮೇಲೆಯೇ ಇತ್ತು.

ಆಗ ಮೊದಲ ಸಲ ಅವನಿಗೆ ಭಯವಾಯಿತು. ನೆಲ ಕಾಲಡಿಯಲ್ಲೇ ಇದೆ, ಆದರೂ ಅವನು ಇಳಿದಿಲ್ಲ. ಅಂಗಿ ಅಲ್ಲಿಯೇ ಇದೆ, ಹೋಗಿ ತೊಟ್ಟುಕೊಳ್ಳಲಾರ. ಮನೆ ಅರ್ಧ ಗಂಟೆಯ ದಾರಿ, ಹೋಗಲಾರ. ಕೂರಲಾರ. ತಾನೇ ಏರಿಸಿದ್ದು ತನ್ನನ್ನು ಕಟ್ಟಿಹಾಕಿ ನಿಲ್ಲಿಸಿದೆ.

ಕೆಂಪು ಹಿಡಿಕೆ ನೆನಪಾಗಲಿಲ್ಲವೆಂದಲ್ಲ. ನೆನಪಾಯಿತು. ಕೈ ಅಲ್ಲಿಯವರೆಗೂ ಹೋಯಿತು. ಆದರೆ ಗಾಳಿ ತೋಪಿನ ಕಡೆಗೆ ಬೀಸುತ್ತಿತ್ತು. ಈಗ ಬಿಟ್ಟರೆ ಪಟ ಮರಗಳಿಗೆ ಸಿಕ್ಕಿ ಹರಿದರೆ? ನಾಳೆ ಚಹದಂಗಡಿಯಲ್ಲಿ ಆ ಜೊತೆಗಾರ ಹರಿದ ಪಟವನ್ನು ನೋಡಿ ಏನೆಂದಾನು? ಸ್ವಲ್ಪ ತಡೆಯೋಣ, ಗಾಳಿ ಇಳಿಯಬಹುದು ಎಂದು ಕೈಯನ್ನು ಹಿಂದಕ್ಕೆ ತಂದ.

ಗಾಳಿ ಇಳಿಯಲಿಲ್ಲ. ಅವನು ನಿಂತೇ ಇದ್ದ. ತೋಳು ಸೋಲತೊಡಗಿತು. ನಾಲಿಗೆ ಒಣಗಿತು, ಬಾಟಲಿ ಹತ್ತು ಹೆಜ್ಜೆ ದೂರದಲ್ಲೇ ಇತ್ತು. ಒಮ್ಮೆ ಒಂದು ಬಿರುಗಾಳಿ ಬಂದು ಅವನ ಹಿಮ್ಮಡಿ ಮರಳಿನಿಂದ ಎದ್ದಿತು. ಗೇಣು ಎತ್ತರ, ಅಷ್ಟೇ. ಮತ್ತೆ ನೆಲಕ್ಕೆ ತಾಗಿತು. ಆ ಗೇಣು ಎತ್ತರದಲ್ಲಿ ಅವನ ಜೀವ ಬಾಯಿಗೆ ಬಂತು. ಕೋಲನ್ನು ಎದೆಗೆ ಒತ್ತಿಕೊಂಡ. ಪಟ ಅವನನ್ನು ತೋಪಿನ ಕಡೆಗೆ ನಾಲ್ಕು ಮಾರು ಎಳೆಯಿತು.

ಈಗ ನಾಚಿಕೆ ಎಲ್ಲಿ ಹೋಯಿತೋ. ಒಂದು ಕೈಯಿಂದ ಕೆಂಪು ಹಿಡಿಕೆಯನ್ನು ತಳ್ಳಿದ. ಅದು ಅಲುಗಲಿಲ್ಲ. ಮತ್ತೆ ತಳ್ಳಿದ. ಎರಡು ವರ್ಷದ ಉಪ್ಪು ಮತ್ತು ಮರಳು ಅದರೊಳಗೆ ಕೂತು ಕಲ್ಲಾಗಿತ್ತು.

ತೋಪು ಹತ್ತಿರವಾಗುತ್ತಿತ್ತು. ಅವನು ಗಂಟಲು ಹರಿಯುವಂತೆ ಕಿರುಚಿದ.

ತೋಪಿನಾಚೆ ಒಬ್ಬ ಹೆಂಗಸು ಒಣಗಿದ ಗಾಳಿಮರದ ಕಡ್ಡಿ ಆರಿಸುತ್ತಿದ್ದಳು. ಅವನ ಹೆಸರು ಅವಳಿಗೆ ಗೊತ್ತಿಲ್ಲ, ಅವಳ ಹೆಸರು ಅವನಿಗೆ ಗೊತ್ತಿಲ್ಲ. ಕಿರುಚಿದ್ದು ಕೇಳಿ ಹೊರೆ ಬಿಸಾಡಿ ಓಡಿ ಬಂದಳು. ಅವನು ಪಟವನ್ನು ಹೇಗೋ ಪಕ್ಕಕ್ಕೆ ತಂದು ತಗ್ಗಿಸಿ, "ಹಿಡಿ, ಹಿಡಿ!" ಎಂದು ಕೂಗಿದ. ಏನನ್ನು ಹಿಡಿಯಬೇಕೆಂದು ಹೇಳಲಿಲ್ಲ. ಹೇಳುವಷ್ಟು ಬುದ್ಧಿ ಆಗ ಅವನಲ್ಲಿ ಉಳಿದಿರಲಿಲ್ಲ.

"ನಾ ಬಂದೆ ತಮ್ಮಾ, ಹೆದರಬೇಡ," ಎಂದು ಅವಳು ಮೊದಲು ಕೈಗೆ ಸಿಕ್ಕಿದ್ದನ್ನೇ ಹಿಡಿದಳು. ಸಿಕ್ಕಿದ್ದು ದಾರ.

ಅವಳು ದಡದಲ್ಲಿ ನಿಂತು ಬಲೆಯ ಹಗ್ಗ ಎಳೆದು ಬದುಕಿದವಳು. ಹಗ್ಗ ಜಾರದಿರಲೆಂದು ಅಂಗೈಗೆ ಎರಡು ಸುತ್ತು ಸುತ್ತಿಕೊಳ್ಳುವುದು ಅವಳ ರೂಢಿ. ಬಲೆಯ ಹಗ್ಗ ಹೆಬ್ಬೆರಳಿನಷ್ಟು ದಪ್ಪ. ಇದು ಬಳೆಗಿಂತಲೂ ಸಣ್ಣಗಿತ್ತು. ಅವಳು ಎರಡು ಸುತ್ತು ಸುತ್ತಿಕೊಂಡಳು.

ಮತ್ತೆ ಗಾಳಿ ಬಂತು. ಪಟದವನು ಹೆದರಿ ಕೋಲನ್ನು ಎಳೆದುಕೊಂಡ. ಪಟ ಮೇಲಕ್ಕೆ ಚಿಮ್ಮಿತು. ಅವಳ ಕಾಲು ಮರಳು ಬಿಟ್ಟದ್ದನ್ನು ಅವನು ಕಣ್ಣಾರೆ ಕಂಡ. ಅವಳು ಕೂಗಿದ್ದನ್ನು ಕೇಳಿದ.

ಆಗ ಅವನು ಕೋಲನ್ನು ಬಿಟ್ಟ. ಅಷ್ಟು ಹೊತ್ತೂ ಒಂದು ಕೈಯಲ್ಲಿ ಕೋಲನ್ನು ಹಿಡಿದುಕೊಂಡೇ ಇನ್ನೊಂದು ಕೈಯಿಂದ ಹಿಡಿಕೆಯನ್ನು ತಳ್ಳಿದ್ದ. ಈಗ ಎರಡೂ ಕೈ ಸೇರಿಸಿ, ಮೈಯ ಬಲವನ್ನೆಲ್ಲ ಹಾಕಿ ತಳ್ಳಿದ. ಕಟಕ್ಕೆಂದು ಕೊಂಡಿ ಕಳಚಿತು. ಪಟ ಮುದುಡಿ ಮರಳಿಗೆ ಬಿತ್ತು. ಮರಗಳಿಗೆ ಸಿಗಲೂ ಇಲ್ಲ, ಹರಿಯಲೂ ಇಲ್ಲ.

ಹೆಂಗಸು ಮರಳಿನ ಮೇಲೆ ಕೂತಿದ್ದಳು. ಅವಳ ಬಲಗೈಯ ಎರಡು ಬೆರಳು ಕೈಯಲ್ಲಿರಲಿಲ್ಲ. ಅವನು ಓಡಿಹೋಗಿ ತನ್ನ ಅಂಗಿಯನ್ನು ಅವಳ ಕೈಗೆ ಸುತ್ತಿದ. ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಅವಳು ಬೈಯಲಿಲ್ಲ, ಅಳಲೂ ಇಲ್ಲ. ಏನೋ ಅರ್ಥವಾಗದವಳಂತೆ ಅವನ ಮುಖವನ್ನೇ ನೋಡುತ್ತಿದ್ದಳು. ಕೊನೆಗೆ ಕೇಳಿದಳು:

"ಈಗ ಬಿಟ್ಟೆಯಲ್ಲ ತಮ್ಮಾ, ಅದನ್ನ ಆಗಲೇ ಬಿಡೋಕೆ ಆಗ್ತಿರಲಿಲ್ವಾ?"

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಸೂಜಿಯನ್ನು ಎತ್ತಿ ಬೆಳಕಿಗೆ ಹಿಡಿದು ಮತ್ತೆ ದಾರ ಪೋಣಿಸತೊಡಗಿದರು. ದಾರ ಎರಡು ಸಲ ತಪ್ಪಿತು.

ವಾಮನ ತನ್ನ ಕೈಯ ಬೆರಳುಗಳನ್ನು ನೋಡಿಕೊಂಡ. ಆಮೇಲೆ, "ಅವನು ಆಟವನ್ನೇ ಬಿಟ್ಟುಬಿಟ್ಟನೇ?" ಎಂದು ಕೇಳಿದ.

"ಯಾಕೆ ಬಿಡಬೇಕು? ಆಟದ ತಪ್ಪೇನಿತ್ತು ಅದರಲ್ಲಿ? ಈಗಲೂ ಒಬ್ಬನೇ ಹೋಗುತ್ತಾನೆ. ಆದರೆ ಪಟ ಏರಿಸುವ ಮೊದಲು, ಅದು ಇನ್ನೂ ಮರಳಿನ ಮೇಲೆ ಮಲಗಿರುವಾಗಲೇ, ಕೆಂಪು ಹಿಡಿಕೆಯನ್ನು ಮೂರು ಸಲ ತಳ್ಳಿ ಕಳಚಿ ನೋಡುತ್ತಾನೆ. ಗಾಳಿ ಎಷ್ಟಾದರೆ ಬಿಡಬೇಕೆಂದು ದಡದಲ್ಲಿಯೇ ತೀರ್ಮಾನಿಸಿ ಹೋಗುತ್ತಾನೆ. ಅಷ್ಟಾದ ಕೂಡಲೇ ಬಿಡುತ್ತಾನೆ. ಎರಡು ಸಲ ಪಟ ಹರಿದಿದೆ. ಚಹದಂಗಡಿಯಲ್ಲಿ ನಕ್ಕಿದ್ದಾರೆ. ನಗಲಿ ಎಂದು ಕೂತು ಚಹ ಕುಡಿದು ಬಂದಿದ್ದಾನೆ. ನೀನು ಗುಹೆಗೆ ಹತ್ತುವುದನ್ನು ಹೇಳಿದೆ, ಹಗ್ಗ ಎಳೆದುಕೊಳ್ಳುವುದನ್ನು ಹೇಳಿದೆ, ನಲವತ್ತು ದಿನ ಎಂದೆ. ಹನ್ನೊಂದನೆಯ ದಿನ ಕಣ್ಣಿಗೆ ಕತ್ತಲೆ ಬಂದರೆ ಏನು ಮಾಡುತ್ತೀಯ? ಅದನ್ನು ಹೇಳಲೇ ಇಲ್ಲವಲ್ಲ."

ವಾಮನನ ಮುಖ ಬಿಗಿಯಿತು. ನಾಲ್ಕು ಜನರ ಮುಂದೆ ಆಡಿದ ಮಾತನ್ನು ಅವನು ಮರೆತಿರಲಿಲ್ಲ. ಗಟ್ಟಿಯಾಗಿಯೇ ಹೇಳಿದ:

"ಆ ಪಟದವನು ಹೇಡಿ, ಗುರುಗಳೇ. ತನ್ನ ಜೀವಕ್ಕೆ ಹೆದರಿ ಇನ್ನೊಬ್ಬರನ್ನು ಕರೆದ. ನಾನು ಹಾಗೆ ಮಾಡುವವನಲ್ಲ. ಸತ್ತರೆ ಅಲ್ಲಿಯೇ ಒಬ್ಬನೇ ಸಾಯುತ್ತೇನೆಯೇ ಹೊರತು ಯಾರನ್ನೂ ಕೂಗುವುದಿಲ್ಲ."

ಗುರುಗಳು ಹೊಲಿಗೆಯನ್ನು ಮಡಿಲಲ್ಲಿಟ್ಟು ಮೊದಲ ಸಲ ಅವನ ಮುಖವನ್ನು ನೋಡಿದರು.

"ನೀನು ಕೂಗದಿದ್ದರೂ, ಗುರುವಾರ ನಿನ್ನ ಅಕ್ಕ ಬುತ್ತಿ ಹಿಡಿದುಕೊಂಡು ಆ ಬೋಳು ಬಂಡೆಯನ್ನು ಹಗ್ಗವಿಲ್ಲದೆ ಹತ್ತುತ್ತಾಳೆ, ವಾಮನ."