ದುಂಡ್ಯಾ ಹಿಮಾಲಯಕ್ಕೆ ಹೊಂಟದ್ದು

ನಂಬೂದಿಲ್ಲ ನೀವು. ಈಗಲೇ ಹೇಳಿಬಿಡ್ತೀನಿ, ನಂಬೂದಿಲ್ಲ. ಪಂತ ಕಟ್ಟತೀರೇನು? ಕಟ್ಟ್ರಿ! ಹಿಮಾಲಯ ಹತ್ತಲಿಕ್ಕೆ ತಂದ ಬೂಟನ್ನು ತಲೆ ಮೇಲೆ ಹೊತ್ತು ಬರಿಗಾಲಲ್ಲಿ ನಡೆದವನನ್ನು ನಿಮ್ಮೂರವರು ಯಾರಾದರೂ ನೋಡ್ಯಾರೇನು? ಇಲ್ಲ. ನಮ್ಮ ಗೊಂಗಡಿಹಾಳದವರು ನೋಡೇವಿ. ನಿಮ್ಮೂರಾಗ ಶಾಣ್ಯಾರು ರಗಡ ಇರಬಹುದು. ಆದರೆ ನಮ್ಮ ದುಂಡ್ಯಾನಂಥ ಪೆದ್ದ ಒಬ್ಬನನ್ನು ತೋರಿಸ್ರಿ, ಕಟ್ಟೆ ಮೇಲೆ ಕೂತು ಮೀಸೆ ಬೋಳಿಸ್ಕೋತೀನಿ.

ಕಾಶವ್ವ ಅಂತ ಒಬ್ಬಾಕೆ. ಆಕೆಗೆ ಒಬ್ಬನೇ ಮಗ, ದುಂಡಪ್ಪ. ಊರೆಲ್ಲ ಕರೆಯೋದು ದುಂಡ್ಯಾ. ಮೈ ನೋಡಿದರೆ ಎರಡಾಳಿನ ಮೈ. ತಾಯಿ ಮಾತು ಮೀರಿದವನಲ್ಲ. ಅದೇ ತಾಯಿಯ ದುಃಖ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ.

ಅಪ್ಪ ತೀರಿದ ಮೇಲೆ ಕುರಿ ಕಾಯಲು ಕಳಿಸಿದಳು. "ಬಿಸಲು ಭಾಳ ಐತಿ ಮಗನ, ಜಾಲಿಗಿಡದ ನೆರಳು ಬಿಟ್ಟು ಕದಲಬ್ಯಾಡ" ಅಂದಳು. ಕದಲಲಿಲ್ಲ. ನೆರಳು ಸರಿದ ಹಾಗೆ ತಾನೂ ಸರಿದ. ನೆರಳು ಉದ್ದಾಯಿತು, ಇವನೂ ನೆರಳಿನ ತುದಿ ಹಿಡಿದು ಹೋದ. ಹೊತ್ತು ಮುಳುಗುವಾಗ ಇವನು ಪಕ್ಕದವರ ಹೊಲದಲ್ಲಿ, ಕುರಿ ಅದರಾಚೆಯವರ ಜೋಳದಲ್ಲಿ!

ಕಾಶವ್ವನ ಅಣ್ಣ ಮಾಳಿಂಗ ಬಂದ. ಹಿಂಡನ್ನು ತನ್ನ ಹಟ್ಟಿಗೆ ಹೊಡೆದುಕೊಂಡ.

"ಅಣ್ಣಾ, ಅದು ಅವರಪ್ಪನ ಹಿಂಡು" ಅಂದಳು ಕಾಶವ್ವ.

"ನಾ ಎಲ್ಲಿ ನಂದು ಅಂದೆ? ಇಂವ ಬದುಕಿನಾಗ ಒಂದು ಕೆಲಸ ಪೂರಾ ಮಾಡಿ ತೋರಿಸಲಿ, ಅವತ್ತ ಕೊಡತೀನಿ."

"ಯಾವ ಕೆಲಸ?"

ಮಾಳಿಂಗ ಆಚೀಚೆ ನೋಡಿದ. ಗರಡಿ ಮನೆ ಮುಂದೆ ಮಿಲ್ಟ್ರಿ ಲಗಮಣ್ಣ ಹುಡುಗರಿಗೆ ಕವಾಯತು ಮಾಡಿಸುತ್ತಿದ್ದ. ಈ ಲಗಮಣ್ಣ ಹಿಮದ ಗುಡ್ಡದಲ್ಲಿ ಕಾವಲು ಕಾಯ್ದು ಬಂದವ. ಬೇಸಿಗೆ ಬಂತಂದರೆ ಗರಡಿ ಹುಡುಗರನ್ನು ಕಟ್ಟಿಕೊಂಡು ಹಿಮಾಲಯ ಹತ್ತಿಸಿ ಇಳಿಸಿ ತರುತ್ತಿದ್ದ.

"ಇವರ ಜೋಡಿ ಹತ್ತಿ ಇಳದು ಬರಲಿ" ಅಂದ ಮಾಳಿಂಗ, ಆಗದ ಮಾತು ಅಂತಲೇ.

ಕಾಶವ್ವ ಅವತ್ತೇ ಲಗಮಣ್ಣನ ಕಾಲು ಹಿಡಿದಳು. ಲಗಮಣ್ಣ ದುಂಡ್ಯಾನ ಹೆಗಲು ಮುಟ್ಟಿ ನೋಡಿದ. "ಹೆಗಲು ಬರೋಬರಿ ಐತಿ. ತಲಿ ಬ್ಯಾರೆಯವರದು ಆದೀತು ಬಿಡವ್ವ" ಅಂದ.

ಬೂಟು ಬಂದವು. ಹೊಳೆಯುವ ಬೂಟು. ಕಾಶವ್ವ ಸೆರಗಿನಿಂದ ಒರೆಸಿ ಕೊಟ್ಟಳು. "ಹೊಸಾವು, ಜ್ವಾಕಿ ನನ್ನಪ್ಪ. ಮಣ್ಣು ಹತ್ತಿಸಬ್ಯಾಡ."

ಮರುದಿನ ಕಾಲುವೆತನಕ ನಡೆಯುವ ತಾಲೀಮು. ಎಲ್ಲರೂ ಬೂಟು ಮೆಟ್ಟಿ ನಡೆದರು. ದುಂಡ್ಯಾ ಸಿಂಬೆ ಸುತ್ತಿ, ಬೂಟನ್ನು ತಲೆ ಮೇಲಿಟ್ಟು, ರೊಟ್ಟಿಬುತ್ತಿ ಹೊತ್ತ ಹೆಂಗಸಿನ ಹಾಗೆ ನಡೆದ. ಕಾಲ ತುಂಬ ಜಾಲಿಮುಳ್ಳು. ಬೂಟಿಗೆ ಒಂದು ಹರಳು ಮಣ್ಣಿಲ್ಲ!

"ಏನಲೇ ಇದು!" ಅಂತ ಚೀರಿದ ಲಗಮಣ್ಣ.

"ಮಣ್ಣು ಹತ್ತಿಲ್ಲ ನೋಡಣ್ಣಾ."

"ಎಲಾ ಪೆದ್ದ ಮುಂಡೇದೆ! ಹೊಸಾದನ್ನ ಹಂಗs ಗುಡ್ಡಕ್ಕ ಒಯ್ದರ ಕಚ್ಚತೈತಿ! ಹೊಸಾದು ಬಂತಂದರ ಎಣ್ಣಿ ತಿಕ್ಕು, ನೀರಾಗ ತೊಯ್ಸು, ತುಳಿ. ಮೆತ್ತಗಾಗೂತನಕ ತುಳಿ!"

"ಹೂಂ ಅಣ್ಣಾ."

ಇಷ್ಟು ಹೇಳಿದ ಮೇಲೆ ಲಗಮಣ್ಣ ಮಲಗುವ ಚೀಲ ಕೊಟ್ಟ. ಒಳಗೆಲ್ಲ ಬಾತುಕೋಳಿ ಪುಕ್ಕ. ಮೈ ತೂರಿಸಿ ಮಲಗಿದರೆ ಹಿಮದಲ್ಲೂ ಬೆವರು. ಹೊಚ್ಚ ಹೊಸದು.

ಹೊಸದು! ದುಂಡ್ಯಾ ಶೇಂಗಾ ಎಣ್ಣೆ ತಿಕ್ಕಿದ. ದನದ ಬಾನಿಯಲ್ಲಿ ಅದ್ದಿದ. ಹೊಲಿಗೆ ಬಿಚ್ಚುವ ತನಕ ತುಳಿದ. ಕಾಶವ್ವ ಸಂತೆಯಿಂದ ಬಂದು ನೋಡಿದರೆ ಅಂಗಳದ ತುಂಬ ಪುಕ್ಕ. ಎಮ್ಮೆ ಮೋರೆಗೂ ಪುಕ್ಕ.

"ಯಾರ ಮನಿ ಕೋಳಿ ಕೊಯ್ದಿಯೋ?"

"ಕೋಳಿ ಅಲ್ಲ ಯವ್ವಾ, ಹಾಸಗಿ. ಈಗ ಮೆತ್ತಗಾಗೈತಿ, ಕಚ್ಚೂದಿಲ್ಲ."

ಕಾಶವ್ವ ತಲೆ ಚಚ್ಚಿಕೊಂಡಳು. ಗಂಡ ಹೊದೆಯುತ್ತಿದ್ದ ಕರಿಗೊಂಗಡಿ ಪೆಟ್ಟಿಗೆಯಿಂದ ತೆಗೆದಳು. ಹಿಮಾಲಯಕ್ಕೂ ಇದೇ ಆದೀತು ಅಂದಳು. ಲಗಮಣ್ಣ ಬಂದು ಪುಕ್ಕ ನೋಡಿದ, ಗೊಂಗಡಿ ನೋಡಿದ.

"ಇನ್ನಾದರೂ ಕೇಳು! ನೀರು, ಗಾಳಿ ಎರಡೂ ಸೋಕಬಾರದು. ಪ್ಲಾಸ್ಟಿಕ್ ಚೀಲದಾಗ ತುರುಕು. ಬಾಯಿ ಬಿಗಿದು ಕಟ್ಟು. ಹೊರಡೂತನಕ ಬಿಚ್ಚಬ್ಯಾಡ!"

"ಹೂಂ ಅಣ್ಣಾ."

ಹೊರಡುವ ದಿನ ಹತ್ತಿರ ಬಂತು. ಓಣಿಯ ಹೆಂಗಸರೆಲ್ಲ ಕಾಶವ್ವನ ಮನೆಯಲ್ಲಿ ಕೂಡಿದರು. ಗುಡ್ಡದ ಮೇಲೆ ಜೋಳದ ರೊಟ್ಟಿ ಕೊಡುವವರು ಯಾರು? ಒಂದಾಕೆ ಬಡಿದಳು, ಒಂದಾಕೆ ಬೇಯಿಸಿದಳು, ರೊಟ್ಟಿ ಹೆಡಿಗೆಗಟ್ಟಲೆ ಬಿತ್ತು. "ದುಂಡ್ಯಾ, ರೊಟ್ಟಿ ತಗದಿಡೋ" ಅಂತ ಹೇಳಿ ಕಾಶವ್ವ ಎಮ್ಮೆ ಹಿಂಡಲು ಹೋದಳು.

ತೆಗೆದಿಟ್ಟ. ಬಿಸಿಬಿಸಿ ರೊಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ತುರುಕಿ, ಮೇಲೆ ಕೂತು ಗಾಳಿ ತೆಗೆದು, ಬಾಯಿ ಬಿಗಿದ. ತಾಯಿ ಬಿಚ್ಚಲು ಬಂದರೆ ಬಿಡಲಿಲ್ಲ. "ಹೊರಡೂತನಕ ಬಿಚ್ಚಬಾರದಂತ!" ಆಮೇಲೆ ಚೀಲವೇ ನಾರತೊಡಗಿತು. ಬಿಚ್ಚಿದರು. ಒಂದೊಂದು ರೊಟ್ಟಿಗೂ ಒಂದೊಂದು ಹಸಿರು ಗಡ್ಡ!

ಓಣಿಯ ಹೆಂಗಸರು ಬಾಯಿಗೆ ಬಂದ ಹಾಗೆ ಬೈದರು. ಕಾಶವ್ವ ಬೈಯಲಿಲ್ಲ. ಮತ್ತೆ ಹಿಟ್ಟು ನಾದಲು ಕೂತಳು. ನಾದುತ್ತ ನಾದುತ್ತ ಅಂದಳು, "ತಿನ್ನೂದನ್ನ ಹಂಗ ಮುಚ್ಚಿಡಬಾರದೋ ನನ್ನಪ್ಪ. ಮಾಳಿಗಿ ಮ್ಯಾಲ ಬಿಸಲಿಗೆ ಹರವಬೇಕು. ಆಗಾಗ ಹೊಳ್ಳಿಸಿ ಹಾಕಬೇಕು. ಕಟಕಟ ಅಂದ ಮ್ಯಾಲ ತಗೀಬೇಕು."

"ಮೊದಲs ಹೇಳಬಾರದೇನು ಯವ್ವಾ?"

ರೊಟ್ಟಿ ಈ ಸಲ ಚೆನ್ನಾಗಿಯೇ ಒಣಗಿತು, ಯಾಕಂದರೆ ಕಾಶವ್ವ ತಾನೇ ಮಾಳಿಗೆ ಹತ್ತಿದ್ದಳು. ದುಂಡ್ಯಾನ ಕೈಗೆ ಬಂದದ್ದು ಬೆಣ್ಣೆ. ಚಳಿಗೆ ತುಟಿ ಒಡೆದರೆ ಹಚ್ಚಲಿಕ್ಕೆ, ರೊಟ್ಟಿಗೆ ಸವರಲಿಕ್ಕೆ, ಗಡಿಗೆ ತುಂಬ ಬೆಣ್ಣೆ.

ಅವತ್ತೇ ಮಾಳಿಂಗ ಮಾವನೂ ಬಂದ, ಅಳಿಯನ ತಯಾರಿ ನೋಡಲು. ಕಟ್ಟೆ ಮೇಲೆ ಕೂತು ಎಲೆ ಮಡಿಚಿದ. ಮೇಲೆ ನೋಡಿದರೆ ಮೋಡವಿಲ್ಲ. ಆದರೂ ರುಮಾಲಿನ ಮೇಲೆ ತೊಟಕ್ ಅಂತ ಒಂದು ಹನಿ. ಮತ್ತೊಂದು ಹನಿ. ಆಮೇಲೆ ಮಳೆನೀರು ಬೀಳುವ ಮಾಳಿಗೆ ದೋಣಿಯಿಂದ ಧಾರೆ!

"ತಂಗೀ, ನಿಮ್ಮ ಮಾಳಿಗಿ ಬೆಣ್ಣಿ ಸುರಿಸಾಕತ್ತೈತಿ."

"ದುಂಡ್ಯಾ!" ಅಂದಳು ಕಾಶವ್ವ.

ಮೇಲಿಂದ ಜವಾಬು ಬಂತು. "ಹೊಳ್ಳಿಸಿ ಹೊಳ್ಳಿಸಿ ಹಾಕಾಕತ್ತೀನಿ ಯವ್ವಾ! ಇನ್ನೂ ಕಟಕಟ ಅಂದಿಲ್ಲ!"

ಮಾಳಿಂಗ ಗಡ್ಡದ ಬೆಣ್ಣೆ ಒರೆಸಿಕೊಂಡ. "ಹಿಂಡು ನನ್ನ ಹಟ್ಟ್ಯಾಗs ಆರಾಮ ಐತಿ" ಅಂತ ಎದ್ದು ಹೋದ.

ಕಾಶವ್ವ ದುಂಡ್ಯಾನನ್ನು ಮಾಳಿಗೆಯಿಂದ ಇಳಿಸಿದಳು. ಮಗನನ್ನು ಎದುರಿಗೆ ಕೂರಿಸಿಕೊಂಡು ಹೇಳಿದಳು, "ಕರಗೂದನ್ನ, ಕೆಡೂದನ್ನ ಒದ್ದಿ ಅರಿವಿ ಸುತ್ತಿ ನೀರಿನ ಗಡಿಗ್ಯಾಗ ತಂಪಿಗೆ ಇಡಬೇಕೋ. ನೆನಪಿಟ್ಟುಕೋ."

ನೆನಪಿಟ್ಟುಕೊಂಡ. ಗುಡ್ಡದ ಮೇಲೆ ಒಲೆ ಹಚ್ಚಲು ಲಗಮಣ್ಣ ಕಡ್ಡಿಪೆಟ್ಟಿಗೆ ತಂದು, "ಜ್ವಾಕಿ, ಕೆಟ್ಟಾವು" ಅಂತ ಕೊಟ್ಟ. ಎಲ್ಲವೂ ಒದ್ದೆ ಅರಿವೆ ಸುತ್ತಿಕೊಂಡು ಗಡಿಗೆಯ ನೀರಿನ ತಳ ಸೇರಿದವು. ತಂಪಾಗಿ.

ಲಗಮಣ್ಣ ಬೈಯುವುದನ್ನೂ ಬಿಟ್ಟ. "ಇನ್ನ ನೀ ಯಾವ ಸಾಮಾನೂ ಮುಟ್ಟಬ್ಯಾಡ" ಅಂದ. "ನಿನ್ನ ಕೈಯಾಗ ಹಗ್ಗ ಅಷ್ಟs. ಹಗ್ಗ ಕರಗೂದಿಲ್ಲ, ಬೂರ್ಸು ಹಿಡಿಯೂದಿಲ್ಲ."

ನಮ್ಮೂರಲ್ಲಿ ಗುಡ್ಡ ಅಂದರೆ ನೀರಿನ ಟಾಕಿ. ಅದರ ಮೆಟ್ಟಿಲ ಮೇಲೆ ಕೊನೆಯ ತಾಲೀಮು. ಲಗಮಣ್ಣ ಎಲ್ಲರ ಸೊಂಟಕ್ಕೂ ಒಂದೇ ಹಗ್ಗ ಬಿಗಿದು ಹತ್ತಿಸಿದ, ಇಳಿಸಿದ. ಆಮೇಲೆ ದುಂಡ್ಯಾನ ಎರಡೂ ಕಿವಿ ಹಿಡಿದು ನಿಂತ.

"ಎರಡs ಮಾತು. ಕೇಳಸ್ತೇನು? ಒಂದು, ಎಲ್ಲಾರೂ ಒಂದ ಹಗ್ಗದಾಗ ಇರಬೇಕು. ಒಬ್ಬನೂ ತಪ್ಪಿಸಿಕೋಬಾರದು."

"ಹೂಂ."

"ಎರಡು, ಮ್ಯಾಲ ಹತ್ತಿದಾಗ ತಲಿ ನೋಯ್ತೋ, ಇಳೀಬೇಕು! ಒಂದು ಹೆಜ್ಜಿ ಮುಂದ ಇಡಬಾರದು. ಎತ್ತರದ ತಲಿನೋವು ಜೀವಾ ತಗೀತೈತಿ. ಒಬ್ಬ ಇಳದರ ಹಗ್ಗದಾಗಿನ ಮಂದಿ ಎಲ್ಲಾ ಇಳೀಬೇಕು. ಯಾರನ್ನೂ ಕೇಳಬ್ಯಾಡ. ನಾ ಬ್ಯಾಡ ಅಂದರೂ ಇಳಿ. ಅಷ್ಟು ಮ್ಯಾಲ ಹೋದರ ನನ್ನ ತಲೀನೂ ನೆಟ್ಟಗಿರೂದಿಲ್ಲ."

"ಹೂಂ ಅಣ್ಣಾ. ನೀ ಬ್ಯಾಡ ಅಂದರೂ ಇಳೀತೀನಿ."

ಹೊರಡುವ ದಿನ ಸ್ಟೇಷನ್ನಿಗೆ ಕಾಶವ್ವ ಬಂದಳು. ಮಾಳಿಂಗನೂ ಬಂದ, ಯಾಕೆ ಬಂದ ಅಂತ ಅವನೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ರೈಲು ತಡ. ಮಧ್ಯಾಹ್ನದ ಬಿಸಿಲು. ಬೇವಿನ ನೆರಳಲ್ಲಿ ಗರಡಿ ಹುಡುಗರು ಸಾಲಾಗಿ ಒರಗಿದರು. ಲಗಮಣ್ಣನಿಗೂ ಕಣ್ಣು ಎಳೆಯಿತು.

"ದುಂಡ್ಯಾ, ಒಂದ್ಹತ್ತು ನಿಮಿಷ ಕಣ್ಣು ಮುಚ್ಚತೀನಿ. ಯಾರೂ ತಪ್ಪಿಸಿಕೊಳ್ಳದಂಗ ನೋಡಿಕೋ."

ದುಂಡ್ಯಾ ನೋಡಿಕೊಂಡ. ಹಗ್ಗ ಬಿಚ್ಚಿ, ಕುರಿಗೆ ಕಣ್ಣಿ ಹಾಕುವ ಹಾಗೆ ಮೆತ್ತಗೆ, ಲಗಮಣ್ಣನಿಂದ ಹಿಡಿದು ಕಡೆಯ ಹುಡುಗನ ತನಕ ಎಲ್ಲರ ಸೊಂಟಕ್ಕೂ ಗಂಟು ಹಾಕಿದ. ತುದಿ ತನ್ನ ಸೊಂಟಕ್ಕೆ. ನೀರು ಹಿಡಿಯಲು ನಳದ ಕಡೆ ಹೋಗಿದ್ದ ಕಾಶವ್ವ ಇದನ್ನು ಕಾಣಲಿಲ್ಲ. ಮಾಳಿಂಗ ಕಂಡ. ಕಂಡು ಸುಮ್ಮನೆ ಎಲೆ ಅಗಿದ.

ರೈಲು ಬಂತು! "ಏಳ್ರಿ! ಹತ್ರಿ! ಎರಡು ನಿಮಿಷ ನಿಲ್ಲತೈತಿ!" ಲಗಮಣ್ಣ ಎದ್ದು ಓಡಿದ. ನಿದ್ದೆಗಣ್ಣಲ್ಲಿ ಎಲ್ಲರೂ ಓಡಿದರು. ಸಾಮಾನು ಒಳಗೆ ಎಸೆದರು. ಸೊಂಟ ಜಗ್ಗಿದರೆ ಹಿಂದಿನವನು ಜಗ್ಗುತ್ತಾನೆ ಅಂದುಕೊಂಡು ಬೈದರು, ಬೈಯುತ್ತಲೇ ಹತ್ತಿದರು. ಕಡೆಗೆ ದುಂಡ್ಯಾ ಹತ್ತಿದ. ಎರಡಾಳಿನ ಎತ್ತರ. ಬಾಗಿಲ ಮೇಲಿನ ಕಬ್ಬಿಣಕ್ಕೆ ತಲೆ, ಠಣ್!

ದುಂಡ್ಯಾ ತಲೆ ಹಿಡಿದುಕೊಂಡ. ಹೌದು, ನೋಯುತ್ತಿದೆ. ಮೇಲೆ ಹತ್ತಿದಾಗಲೇ ನೋಯುತ್ತಿದೆ.

"ಇಳೀರಿ!" ಅಂತ ಕೂಗಿದ. ಇಳಿದ. ಇಳಿದು, ಕಾಲು ಊರಿ, ಹಗ್ಗ ಎಳೆದ.

ಒಬ್ಬ ಬಂದ, ಅವನ ಹಿಂದೆ ಇನ್ನೊಬ್ಬ ಬಂದ. ಬಾವಿಯಿಂದ ಕೊಡ ಸೇದಿದ ಹಾಗೆ ಗರಡಿಯ ಪೈಲವಾನರು ಒಬ್ಬೊಬ್ಬರೇ ಬಾಗಿಲಿಂದ ಹೊರಬಿದ್ದರು.

"ಬ್ಯಾಡಲೇ! ಬ್ಯಾಡೋ!" ಒಳಗಿಂದ ಲಗಮಣ್ಣನ ದನಿ.

"ನೀ ಬ್ಯಾಡ ಅಂದರೂ ಇಳಿಸ್ತೀನಿ ಅಣ್ಣಾ!" ಅಂತ ದುಂಡ್ಯಾ ಇನ್ನೂ ಜೋರಾಗಿ ಎಳೆದ. ಕಡೆಗೆ ಲಗಮಣ್ಣನೂ ಬಂದು ರಾಶಿಯ ಮೇಲೆ ಬಿದ್ದ.

ರೈಲು ಕೂ ಅಂದಿತು. ಹೋಯಿತು. ಬೂಟಿನ ಚೀಲ, ಕರಿಗೊಂಗಡಿ, ಕಟಕ ರೊಟ್ಟಿ ಎಲ್ಲವೂ ಹಿಮಾಲಯಕ್ಕೆ ಹೋದವು. ಮಂದಿ ಅಷ್ಟೇ ಉಳಿದರು.

ದುಂಡ್ಯಾ ತಲೆ ಮುಟ್ಟಿ ನೋಡಿಕೊಂಡ. "ಈಗ ಕಡಿಮಿ ಆತು ಅಣ್ಣಾ. ಮತ್ತ ಹತ್ತೂಣೇನು?"

ಹುಡುಗರು ಹೊಡೆಯಲು ಎದ್ದರು. ಆದರೆ ಒಬ್ಬ ಎದ್ದರೆ ಇನ್ನೊಬ್ಬ ಬೀಳುತ್ತಿದ್ದ, ಹಗ್ಗ ಹಾಗಿತ್ತು. ಕಾಶವ್ವ ಬಂದಳು. ರಾಶಿ ನೋಡಿದಳು, ಹಳಿ ನೋಡಿದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಸೆರಗು ತೆಗೆದು ಅಣ್ಣನ ಮುಂದೆ ಹೋಗಿ ನಿಂತಳು.

"ಅಣ್ಣಾ, ಹಿಂಡು ಕೊಡು."

"ಏನಂದಿ?"

"ನೀ ಏನಂದಿದ್ದಿ? ಇವರ ಜೋಡಿ ಹತ್ತಿ ಇಳದು ಬರಲಿ ಅಂದಿದ್ದಿ. ಹತ್ತಿದ. ಇಳದ. ಇವರ ಜೋಡೀನs ಇಳದ."

"ತಂಗೀ, ನಾ ಅಂದದ್ದು ಹಿಮಾಲಯ!"

"ಅದು ಹಿಮಾಲಯದ ರೈಲೇ."

ಮಾಳಿಂಗನ ಬಾಯಿಂದ ಎಲೆ ಬಿತ್ತು. ಈ ಮಗ ಯಾರ ಹೊಟ್ಟೆಯಿಂದ ಬಂದವ ಅಂತ ಅವನಿಗೆ ಅವತ್ತು ತಿಳಿಯಿತು. ರಾಶಿಯ ಸುತ್ತ ಒಂದು ಸುತ್ತು ಬಂದ, ಸಂಜೆ ಹಟ್ಟಿಗೆ ಬಂದ ಕುರಿ ನೋಡುವ ಹಾಗೆ ಒಬ್ಬೊಬ್ಬರನ್ನೂ ನೋಡಿದ. ಕಣ್ಣಿ ಎಳೆದು ನೋಡಿದ. ಒಂದು ಗಂಟೂ ಸಡಿಲಿರಲಿಲ್ಲ, ಒಂದೂ ಬಿಗಿದು ಉಸಿರು ಕಟ್ಟಿರಲಿಲ್ಲ.

"ಒಂದೂ ತಪ್ಪಿಸಿಕೊಂಡಿಲ್ಲ" ಅಂದ. "ಆದರ ಹಿಂಡು ಕೊಡೂದಿಲ್ಲ. ನಾಳಿ ಯಾರರ ಏನರ ಹೇಳಿದರ ಅದನ್ನೂ ರೈಲು ಹತ್ತಿಸ್ಯಾನು."

"ಮತ್ತ?"

"ಮಾತಾಡದs ದಾರಿ ತೋರಿಸೂದು ಒಂದು ಐತಿ ನನ್ನ ಹತ್ರ. ಮೊದಲು ಅದರ ಹಿಂದ ಅಡ್ಡ್ಯಾಡಲಿ."

ಮರುದಿನ ಬೆಳಿಗ್ಗೆ ಮಾಳಿಂಗ ಕಾಶವ್ವನ ಅಂಗಳಕ್ಕೆ ಬಂದ. ದುಂಡ್ಯಾ ಕೈ ಚಾಚಿದ. ಅವನಿಗೆ ಕೊಟ್ಟದ್ದು, ಹಿಂಡಿನ ಮುಂದೆ ನಡೆಯುವ ಗಂಟೆ ಕಟ್ಟಿದ ಒಂದು ಮುದಿ ಟಗರು.