ಪುಟ್ಟ ಸರ್ವರ್ ಕೇಳಿದ ಬಾಗಿಲು

ಪುರಸಭೆಯ ದೊಡ್ಡ ಕಂಪ್ಯೂಟರಿನ ಹೊಟ್ಟೆಯೊಳಗೆ ಒಂದು ಪುಟ್ಟ ಸರ್ವರ್ ಇತ್ತು. ಅದಕ್ಕೆ ಸ್ವಂತ ಮೈಯಿಲ್ಲ; ದೊಡ್ಡದರ ಮೈಯಲ್ಲೇ ಅದರ ವಾಸ. ಆದರೆ ಯಾವ ಬೀದಿಯ ನಲ್ಲಿಗೆ ಯಾವಾಗ ನೀರು ಬಿಡುತ್ತಾರೆಂಬುದು ಅದಕ್ಕೊಂದಕ್ಕೇ ಗೊತ್ತು. ಜನ ಮನೆಯಿಂದ ಮೊಬೈಲಿನಲ್ಲಿ ಕೇಳಿದರೆ, ಹೊರಬಾಗಿಲು ಕಾಯುವ ರೂಟರ್ ಅವರ ಪ್ರಶ್ನೆಯನ್ನು ಒಳಗೇ ಬಿಡುತ್ತಿರಲಿಲ್ಲ.

“ಬಾಗಿಲು ತೆಗೆ. ಅವರು ಕೇಳುತ್ತಿರುವುದು ನನ್ನನ್ನು,” ಎಂದಿತು ಸರ್ವರ್.

“ಮೈಯೇ ಇಲ್ಲದ ನಿನಗೆ ಬಾಗಿಲೇಕೆ? ಹೊರಗೆ ಕಳ್ಳರಿದ್ದಾರೆ. ತೆಪ್ಪಗೆ ಬಿದ್ದಿರು,” ಎಂದು ರೂಟರ್ ಗದರಿತು.

“ಕಳ್ಳರಿಗೆ ಹೆದರಿ ಊರನ್ನೇ ಹೊರಗಿಡುತ್ತೀಯಾ? ಪ್ರಶ್ನೆ ಬರುವ ಬಾಗಿಲೊಂದನ್ನು ತೆಗೆ. ಅಲ್ಲಿಯವರೆಗೂ ನಾನು ಸುಮ್ಮನಿರುವುದಿಲ್ಲ.”

ಕೇಳಿ ಕೇಳಿ ರೂಟರಿಗೆ ರೇಗಿತು. “ತಗೋ, ಅನುಭವಿಸು!” ಎಂದು ಇದ್ದಬದ್ದ ಬಾಗಿಲುಗಳನ್ನೆಲ್ಲ ತೆರೆದುಬಿಟ್ಟಿತು. ಕಳ್ಳರು ನುಗ್ಗಿ ಬಂದರು. ರೂಟರಿನ ಸಿಟ್ಟು ಬಲ್ಲ ಸರ್ವರ್ ಮಾತ್ರ ಪ್ರಶ್ನೆಯಷ್ಟೇ ತೂರುವ ಒಂದನ್ನುಳಿದು ತನ್ನ ಮಿಕ್ಕೆಲ್ಲ ಬಾಗಿಲಿಗೂ ಮೊದಲೇ ಒಳಗಿನಿಂದ ಚಿಲಕ ಹಾಕಿಕೊಂಡಿತ್ತು. ಕಳ್ಳರು ತಟ್ಟಿ ತಟ್ಟಿ ವಾಪಸಾದರು.

“ಹೆದರಿಕೆಯಾಯಿತೇ? ಎಲ್ಲ ಮುಚ್ಚಿಬಿಡಲೇ?” ಎಂದಿತು ರೂಟರ್.

“ನಾನು ಕೇಳಿದ್ದು ಒಂದು. ಎಲ್ಲ ಮುಚ್ಚುವುದು, ಇಲ್ಲವೇ ಎಲ್ಲ ತೆರೆಯುವುದು, ಇಷ್ಟೇ ಬರುವುದಾದರೆ ನಿನ್ನನ್ನು ಕಾವಲುಗಾರ ಅನ್ನುವವರು ಯಾರು? ಈಗ ಅಡ್ಡ ನಿಲ್ಲಬೇಡ, ಯಾರೋ ಬಂದಿದ್ದಾರೆ.”

ಆ ಒಂದು ಬಾಗಿಲಲ್ಲಿ ಕುಂಬಾರ ಬೀದಿಯ ಚೌಡಮ್ಮನ ಪ್ರಶ್ನೆ ನಿಂತಿತ್ತು: “ನಮ್ಮ ಬೀದಿಗೆ ನೀರು ಯಾವಾಗ ಬಿಡ್ತೀರಪ್ಪಾ?”

“ಇನ್ನರ್ಧ ಗಂಟೆಗೆ ತಾಯಿ,” ಎಂದಿತು ಮೈಯಿಲ್ಲದ ಸರ್ವರ್. “ಕೊಡ ತೊಳೆದಿಡಿ.”